ಓಡ್ತಿರೋ ಪ್ರೋಗ್ರಾಂನ ಸೇವ್ ಮಾಡಿ ಮತ್ತೆ ಓಡಿಸೋಕೆ ಯಾವ್ದು ಒಳ್ಳೇದು: ಡಿಎಂಟಿಸಿಪಿ, ಕ್ರಿಯು, ವಿಎಂ ಸ್ನ್ಯಾಪ್‌ಶಾಟ್

ದಿನಗಟ್ಟಲೆ ಓಡೋ ಸಿಮ್ಯುಲೇಶನ್ ಅರ್ಧದಲ್ಲಿದ್ದಾಗ ಮೆಷಿನ್ ರೀಬೂಟ್ ಮಾಡ್ಲೇಬೇಕು ಅಂದ್ರೆ ಏನ್ ಮಾಡೋದು ಅಂತ ಲಿನಕ್ಸ್‌ನಲ್ಲಿ ಡಿಎಂಟಿಸಿಪಿ, ಕ್ರಿಯು ಅನ್ನೋ ಎರಡು ಟೂಲ್, ಜೊತೆಗೆ ವಿಎಂ (ಮೆಷಿನ್ ಒಳಗೆ ಸಾಫ್ಟ್‌ವೇರ್‌ನಿಂದ ಓಡೋ ಇನ್ನೊಂದು ಮೆಷಿನ್) ಸ್ನ್ಯಾಪ್‌ಶಾಟ್, ಈ ಮೂರನ್ನೂ ಟ್ರೈ ಮಾಡಿದೀನಿ. ಕಂಟ್ರೋಲ್-ಝಡ್ ಇಲ್ಲಿ ಲೆಕ್ಕಕ್ಕಿಲ್ಲ, ಅದು ಪ್ರೋಸೆಸ್ ಅನ್ನ (ಓಡ್ತಿರೋ ಪ್ರೋಗ್ರಾಂನ) ಮೆಮೊರಿಯಲ್ಲೇ ನಿಲ್ಸಿಡುತ್ತೆ ಅಷ್ಟೇ, ರೀಬೂಟ್ ಆದ್ರೆ ಹೋಯ್ತು.

ಡಿಎಂಟಿಸಿಪಿಗೆ ರೂಟ್ (ಅಡ್ಮಿನ್ ಅಧಿಕಾರ) ಬೇಡ, ಬೇರೆಯವರ ಸರ್ವರ್‌ನಲ್ಲಿ ಕೆಲಸ ಮಾಡೋರಿಗೆ ಇದೊಂದೇ ಸಾಕು ಅದನ್ನ ಆರಿಸ್ಕೊಳ್ಳೋಕೆ. ಆದ್ರೆ ಶುರುವಿನಿಂದ್ಲೇ ಅದರ ಲಾಂಚ್ ಕಮಾಂಡ್ ಮೂಲಕ ಓಡಿಸ್ಬೇಕು, ಯಾಕಂದ್ರೆ ತನ್ನ ಲೈಬ್ರರಿನ ಮೊದ್ಲೇ ಪ್ರೋಗ್ರಾಂ ಒಳಗೆ ಲೋಡ್ ಮಾಡಿಸಿ ಅಲ್ಲಿಂದ ಎಲ್ಲಾ ಗಮನಿಸ್ತಿರುತ್ತೆ, ಹಾಗಾಗಿ ಸ್ಟ್ಯಾಟಿಕ್ ಲಿಂಕ್ ಆಗಿರೋ (ಲೈಬ್ರರಿಗಳನ್ನೆಲ್ಲ ತನ್ನೊಳಗೇ ಸೇರಿಸ್ಕೊಂಡಿರೋ) ಬೈನರಿಗೆ ಇದು ಆಗಲ್ಲ. ಇಂಟರ್ವಲ್ ಕೊಟ್ರೆ ಚೆಕ್‌ಪಾಯಿಂಟ್ (ಆ ಕ್ಷಣದ ಸ್ಥಿತಿಯ ಸೇವ್ ಫೈಲ್) ತಾನೇ ಬರೀತಾ ಹೋಗುತ್ತೆ, ರೀಸ್ಟಾರ್ಟ್ ಸ್ಕ್ರಿಪ್ಟ್‌ನೂ ಮಾಡಿಡುತ್ತೆ.

ಕ್ರಿಯು ಬೇರೆ ಥರ. 2011ರಲ್ಲಿ ಶುರುವಾದ ಪ್ರಾಜೆಕ್ಟ್, ಮೊದ್ಲಿಂದ ಏನೂ ತಯಾರಿ ಮಾಡದೆ ಓಡ್ತಿರೋ ಪ್ರೋಸೆಸ್‌ನೂ ಹಿಡಿಯುತ್ತೆ: ಬೇರೆ ಪ್ರೋಸೆಸ್ ನಿಯಂತ್ರಿಸೋ ಲಿನಕ್ಸ್ ಸೌಲಭ್ಯ ಪಿಟ್ರೇಸ್‌ನಿಂದ ನಿಲ್ಸಿ, ಒಳಗೆ ಒಂದು ಚಿಕ್ಕ ಕೋಡ್ ತೂರಿಸಿ, ಮೆಮೊರಿ ಪೇಜ್‌ಗಳನ್ನ ಹೊರಗೆ ತೆಗೆದು, ಆಮೇಲೆ ಆ ಕೋಡ್‌ನ ಅಳಿಸಿಬಿಡುತ್ತೆ. ಓಪನ್ ಇರೋ ಟಿಸಿಪಿ ಕನೆಕ್ಷನ್‌ನೂ ಮತ್ತೆ ತರಬಹುದು, ಅದಕ್ಕೇ ಅಂತ ಲಿನಕ್ಸ್ ಕರ್ನಲ್ 3.5ರಲ್ಲಿ ರಿಪೇರ್ ಮೋಡ್ ಬಂತು, ಇದು ನಿಜವಾಗ್ಲೂ ಅದ್ಭುತವಾದ ಕೆಲಸ. ಆದ್ರೆ ಸಾಮಾನ್ಯವಾಗಿ ರೂಟ್ ಬೇಕು, ಪ್ರೋಸೆಸ್ ಹಳೇ ಪಿಐಡಿಯಲ್ಲೇ (ಸಿಸ್ಟಂ ಕೊಡೋ ಪ್ರೋಸೆಸ್ ನಂಬರ್) ಎದ್ದೇಳ್ಬೇಕು, ಆ ನಂಬರ್ ಬೇರೆ ಪ್ರೋಸೆಸ್ ತಗೊಂಡಿದ್ರೆ ರಿಸ್ಟೋರ್ ಫೇಲ್. ಕಂಟೇನರ್ (ಪ್ರೋಗ್ರಾಂನ ಉಳಿದ ಸಿಸ್ಟಂನಿಂದ ಬೇರೆಯಾಗಿ ಓಡಿಸೋ ವ್ಯವಸ್ಥೆ) ಒಳಗಾದ್ರೆ ಪಿಐಡಿಗಳು ಬೇರೆನೇ ಇರೋದ್ರಿಂದ ಈ ತಲೆನೋವಿಲ್ಲ, ಕಂಟೇನರ್ ಓಡಿಸೋ ಟೂಲ್ ಆದ ಪಾಡ್‌ಮನ್‌ನ ಚೆಕ್‌ಪಾಯಿಂಟ್ ಕಮಾಂಡ್ ಕೂಡ ಹಿಂದೆ ಬಳಸೋದು ಕ್ರಿಯುನೇ. ಇನ್ನೊಂದು, ಡೀಫಾಲ್ಟ್ ಆಗಿ ಡಂಪ್ (ಮೆಮೊರಿನ ಫೈಲ್‌ಗೆ ಬರೆಯೋದು) ಆದ್ಮೇಲೆ ಪ್ರೋಸೆಸ್ ಸಾಯುತ್ತೆ, ಓಡ್ತಾನೇ ಇರ್ಬೇಕು ಅಂದ್ರೆ ಲೀವ್-ರನ್ನಿಂಗ್ ಆಪ್ಶನ್ ಕೊಡಿ.

ಆದ್ರೆ ಎರಡರಲ್ಲೂ ಎಚ್ಚರವಾಗಿರ್ಬೇಕಾದ್ದು ಫೈಲ್‌ಗಳ ವಿಷಯದಲ್ಲಿ. ಮೆಮೊರಿ ಸೇವ್ ಆಗುತ್ತೆ ಸರಿ, ಡಿಸ್ಕ್‌ನಲ್ಲಿರೋ ಫೈಲ್‌ಗಳು ಸಾಮಾನ್ಯವಾಗಿ ಅದರ ಜೊತೆ ಸೇವ್ ಆಗಲ್ಲ. ಡಂಪ್ ಆದ್ಮೇಲೂ ಪ್ರೋಗ್ರಾಂ ಓಡಿ ಲಾಗ್ ಫೈಲ್ ಬೆಳೆದಿದ್ರೆ ಸೈಜ್ ತಾಳೆ ಆಗಲ್ಲ ಅಂತ ಕ್ರಿಯು ನಿರಾಕರಿಸುತ್ತೆ, ನನಗೆ ಆ ಹಟ ಇಷ್ಟ, ಸುಮ್ಮನೆ ಮುಂದುವರಿದು ಔಟ್‌ಪುಟ್ ಕೆಡೋದಕ್ಕಿಂತ ಅದೇ ವಾಸಿ.

ವಿಎಂ ಸ್ನ್ಯಾಪ್‌ಶಾಟ್ ಗೆಲ್ಲೋದು ಇಲ್ಲೇ, ವಿಎಂ ಓಡಿಸೋ ಪ್ರೋಗ್ರಾಂ ಕೆಮುನಲ್ಲಿ ಸೇವ್‌ವಿಎಂ ಕೊಟ್ರೆ ರ‍್ಯಾಮ್, ಡಿಸ್ಕ್ ಎರಡೂ ಒಂದೇ ಕ್ಷಣದ್ದು ಸಿಗುತ್ತೆ, ವಿಂಡೋ ಇರೋ ಪ್ರೋಗ್ರಾಂಗಳೂ ಹಾಗೇ ವಾಪಸ್ ಬರುತ್ತೆ. ಆದ್ರೆ ಒಂದು ಪ್ರೋಸೆಸ್‌ಗೋಸ್ಕರ ವಿಎಂ ಒಳಗಿನ ಇಡೀ ಗೆಸ್ಟ್‌ನ ಮೆಮೊರಿ ಬರೀಬೇಕು, ನಿಧಾನ.

ನಾನಂತೂ ರೂಟ್ ಇಲ್ಲದ ಕಡೆ ಡಿಎಂಟಿಸಿಪಿ, ಕಂಟೇನರ್‌ಗೆ ಕ್ರಿಯು, ವಿಂಡೋ ತೆರೆಯೋ ಪ್ರೋಗ್ರಾಂ ಆದ್ರೆ ವಿಎಂ ಬಳಸ್ತೀನಿ. ಯಾವ್ದೇ ಆದ್ರೂ ಚಿಕ್ಕ ಜಾಬ್ ಒಂದನ್ನ ಸೇವ್ ಮಾಡಿ, ರೀಬೂಟ್ ಮಾಡಿ, ಎಬ್ಬಿಸಿ, ಔಟ್‌ಪುಟ್ ತಾಳೆ ನೋಡಿ, ಆಮೇಲೆ ದೊಡ್ಡ ಜಾಬ್ ಹಾಕಿ.