ಹುಬ್ಬಳ್ಳಿಯ ಲ್ಯಾಬಿನಲ್ಲಿ ನನ್ನ ಮೊದಲ ಚೆಕಪ್

ಮನೆಯವರ ಶುಗರ್ ಟೆಸ್ಟಿಗೆ ಅಂತ ಹತ್ತು ವರ್ಷದಿಂದ ವಿದ್ಯಾನಗರದ ಈ ಲ್ಯಾಬಿಗೆ ಬರುತ್ತಿದ್ದೇನೆ. ಅವರ ಫೈಲ್ ಹಿಡಿದು ಕೂರುವುದಷ್ಟೇ ನನ್ನ ಕೆಲಸ. ಈ ಸಲ 47 ತುಂಬಿತು, ಮೆಟ್ಟಿಲು ಹತ್ತಿದರೆ ಏದುಸಿರು. ಧಾರವಾಡದಿಂದ ಚಿಗರಿ ಬಸ್ ಹತ್ತಿ ಒಬ್ಬಳೇ ಬಂದೆ. "ನಿನಗೇನಾಗೇತಿ?" ಅಂದರು ಮನೆಯವರು. ಏನಾಗಿದೆ ಅಂತ ನೋಡೋದಕ್ಕೇ ಹೋಗೋದು, ಅಲ್ವಾ?

ಹೆಂಗಸರ ಪ್ಯಾಕೇಜಿಗೆ 1,800 ರೂಪಾಯಿ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಎಲ್ಲ ಸೇರಿ. ರಕ್ತ ತೆಗೆದ ಹುಡುಗಿಯ ಕೈ ಬಹಳ ಹಗುರ. "ಆತ್ರಿ ಅಕ್ಕಾರ" ಅಂದಾಗಲೇ ಸೂಜಿ ಚುಚ್ಚಿದ್ದು ಗೊತ್ತಾಗಿದ್ದು. ಆದರೆ 8 ಗಂಟೆಗೆ ಬನ್ನಿ ಅಂದವರು ಒಳಗೆ ಕರೆದಿದ್ದು 9:30ಕ್ಕೆ. ರಾತ್ರಿಯಿಂದ ಉಪವಾಸ, ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು. ಬಾತ್‌ರೂಮಿನ ಚಿಲಕವೂ ಸರಿಯಿಲ್ಲ.

ಸಂಜೆಯೇ ವಾಟ್ಸಾಪಿಗೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 9.4. ನಮಗೆ ಕನಿಷ್ಠ 12 ಇರಬೇಕಂತೆ. ಮರುದಿನ ಡಾಕ್ಟರಮ್ಮ ಅವಸರವಿಲ್ಲದೆ ಮಾತಾಡಿದರು, ಈ ಪ್ಯಾಕೇಜಿನಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಅದೇ. ಮುಟ್ಟಿನ ಬಗ್ಗೆ ಮೊದಲು ಕೇಳಿದರು. ಹೆಚ್ಚು ರಕ್ತ ಹೋದರೂ ಹೀಗಾಗುತ್ತದಂತೆ. ಕಬ್ಬಿಣದ ಮಾತ್ರೆ ಬರೆದರು. ಅದರ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಲಿಂಬೆರಸ ಒಳ್ಳೆಯದು ಅಂದರು. ದಿನಕ್ಕೆ ಐದು ಕಪ್ ಅಂದೆ, ನಕ್ಕರು.

ಹೋಗುವವರು ಬ್ಯಾಗಿನಲ್ಲಿ ಏನಾದರೂ ತಿನ್ನಲು ಇಟ್ಟುಕೊಳ್ಳಿ. ನಾನಂತೂ ರಕ್ತ ಕೊಟ್ಟು ಬಂದವಳೇ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದೆ. ಯಾರಿಗೂ ಪಾರ್ಸೆಲ್ ಕಟ್ಟಿಸಲಿಲ್ಲ.