ಡೋವೋ ಬೆಸ್ಟ್ ಕ್ವಾಲಿಟಿ 5/8: ಸ್ಟ್ರೇಟ್ ರೇಜರ್ ಶುರು ಮಾಡೋರಿಗೆ ನನ್ನ ರಿವ್ಯೂ

ಸ್ಟ್ರೇಟ್ ರೇಜರ್, ಅಂದ್ರೆ ಹಿಡಿಯೊಳಗೆ ಮಡಚೋ ಹಳೇ ಕಾಲದ ಕ್ಷೌರದ ಕತ್ತಿ, ತಗೋಬೇಕು ಅನ್ನೋರೆಲ್ಲ ಮೊದ್ಲು ಕೇಳೋದು ಯಾವ ಬ್ರ್ಯಾಂಡು, ಎಷ್ಟು ರೇಟು ಅಂತ. ನನ್ನ ಹತ್ರ ಇರೋದು ಜರ್ಮನಿಯ ಸೋಲಿಂಗನ್ ಊರಿನ ಡೋವೋ ಕಂಪನಿದು, ಬೆಸ್ಟ್ ಕ್ವಾಲಿಟಿ ಅನ್ನೋ ಮಾಡೆಲ್, 5/8 ಇಂಚು ಅಗಲ, ಕಾರ್ಬನ್ ಸ್ಟೀಲು, ಕಪ್ಪು ಪ್ಲಾಸ್ಟಿಕ್ ಹಿಡಿ. ಅವರು ಮಾಡೋದ್ರಲ್ಲಿ ತೀರಾ ಸಾದಾ ಮಾಡೆಲ್ ಇದು, ಆದ್ರೂ ಕೊರಿಯರ್ ಕಸ್ಟಮ್ಸ್ ಎಲ್ಲ ಸೇರಿ ನಮ್ಮ ಕೈಗೆ ಬರೋ ಹೊತ್ತಿಗೆ ಹತ್ತು ಸಾವಿರ ದಾಟಿರತ್ತೆ. ದುಡ್ಡಿಗೆ ಮೋಸ ಇಲ್ಲ, ನನಗೆ ತುಂಬಾನೇ ಇಷ್ಟ ಆಗಿದೆ. ಆದ್ರೆ ಬರೀ ಕತ್ತಿ ಬಗ್ಗೆ ಬರೆದ್ರೆ ಅರ್ಧ ವಿಷ್ಯ ಹೇಳಿದಂಗೆ, ಯಾಕಂದ್ರೆ ಇದ್ರಲ್ಲಿ ಕತ್ತಿ ಎಷ್ಟು ಮುಖ್ಯಾನೋ ಅದನ್ನ ದಿನಾ ಮಸೆಯೋ ಚರ್ಮದ ಪಟ್ಟಿ, ಆಗಾಗ ಸಾಣೆ ಹಿಡಿಯೋ ಕಲ್ಲು ಕೂಡ ಅಷ್ಟೇ ಮುಖ್ಯ, ಹೊಸಬ್ರು ಇರೋ ಬಜೆಟ್ ಎಲ್ಲಾ ಕತ್ತಿಗೇ ಸುರಿದು, ದಂತದ ಬಣ್ಣದ ಹಿಡಿ, ಚಿನ್ನದ ನೀರು ಕೊಟ್ಟಿರೋ ಹೆಸರು ಅಂತೆಲ್ಲ ನೋಡಿ ತಗೊಂಡು, ಅಂಚು ಮೊಂಡಾದ ಮೇಲೆ ಏನ್ ಮಾಡ್ಬೇಕು ಗೊತ್ತಾಗ್ದೆ ಬೀರು ಒಳಗೆ ಇಟ್ಟುಬಿಡ್ತಾರೆ. ಅದು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯತ್ತೆ. ಅದಕ್ಕೇ ಇಷ್ಟುದ್ದ ಬರೀತಿರೋದು.

ಸೆಲೂನಲ್ಲಿ ಕೈಗೆ ಹಿಡಿಯೋದು ಇದೇ ಅಲ್ವಾ ಅಂತ ತುಂಬಾ ಜನ ಕೇಳ್ತಾರೆ. ಅಲ್ಲ. ಅಲ್ಲಿ ಮಾಮೂಲಿ ಬ್ಲೇಡನ್ನ ಪೇಪರ್ ಸಮೇತ ಮುರಿದು ಅರ್ಧ ಬ್ಲೇಡ್ ಸಿಗಿಸ್ತಾರಲ್ಲ, ಅದು ಶಾವೆಟ್. ಹಿಂದೆ ಸೆಲೂನಲ್ಲೂ ನಿಜವಾದ ಕತ್ತಿನೇ ಇತ್ತು, ಕುರ್ಚಿ ಪಕ್ಕ ಚರ್ಮದ ಪಟ್ಟಿ ನೇತಾಡ್ತಿತ್ತು, ಆಮೇಲೆ ಎಚ್‌ಐವಿ, ಹೆಪಟೈಟಿಸ್ ಭಯ ಬಂದು ಒಬ್ಬೊಬ್ಬರಿಗೆ ಒಂದೊಂದು ಹೊಸ ಬ್ಲೇಡ್ ಅಂತಾಯ್ತು, ಅದು ಸರಿಯಾದದ್ದೇ, ಸೆಲೂನಲ್ಲಿ ಹಂಗೇ ಇರ್ಬೇಕು. ಮನೇಲಿ ಕತ್ತಿ ಮುಟ್ಟೋದು ನಮ್ಮ ಒಬ್ಬರದೇ ಮುಖ, ಹಾಗಾಗಿ ಆ ಭಯ ಇಲ್ಲ. ಮುನ್ನೂರು ರೂಪಾಯಿ ಶಾವೆಟ್‌ನಲ್ಲಿ ಕೈ ಪಳಗಿಸಿ ಆಮೇಲೆ ಕತ್ತಿಗೆ ಬನ್ನಿ ಅಂತ ಕೆಲವರು ಹೇಳ್ತಾರೆ. ಕೈ ಹಿಡಿತ, ಕೋನ ಕಲಿಯೋಕೆ ಪರವಾಗಿಲ್ಲ, ಆದ್ರೆ ಶಾವೆಟ್ ಬ್ಲೇಡ್ ಮೂಲೆ ಚೂಪು, ಸ್ವಲ್ಪ ಕೋನ ತಪ್ಪಿದ್ರೂ ಕಚ್ಚತ್ತೆ, ಮಸೆದ ಕತ್ತಿ ಅದಕ್ಕಿಂತ ಎಷ್ಟೋ ಮೆತ್ತಗೆ. ಶಾವೆಟ್‌ನಲ್ಲಿ ಉರಿ ಆಯ್ತು ಅಂತ ಕತ್ತಿನೇ ಬೇಡ ಅಂದ್ಕೊಂಡುಬಿಡ್ಬೇಡಿ ದಯವಿಟ್ಟು.

ಈಗ ಡೋವೋ. 1906ರಲ್ಲಿ ಶುರುವಾದ ಕಂಪನಿ. ಸೋಲಿಂಗನ್ ಅನ್ನೋ ಹೆಸರಿಗೆ 1938ರಿಂದ ಕಾನೂನಿನ ರಕ್ಷಣೆ ಇದೆ, ಆ ಊರಲ್ಲಿ ಮಾಡಿದ ಚಾಕು ಕತ್ತರಿ ಕತ್ತಿಗೆ ಮಾತ್ರ ಆ ಹೆಸರು ಹಾಕ್ಬಹುದು, ಹಾಗಾಗಿ ಅಸಲಿ ಮಾಲಿನ ಮೇಲೆ ಆ ಒಂದು ಪದ ಇದ್ರೆ ನನಗೆ ಅರ್ಧ ಧೈರ್ಯ. ಅದೇ ಊರಲ್ಲಿ ಬೋಕರ್ ಇದೆ, 1869ರದ್ದು, ರಾಲ್ಫ್ ಔಸ್ಟ್, ವಾಕರ್ ಅಂತ ಸಣ್ಣ ಕಾರ್ಖಾನೆಗಳಿವೆ, ಫ್ರಾನ್ಸಲ್ಲಿ ತಿಯೇರ್ ಇಸ್ಸಾರ್ ಇದೆ. ಇವುಗಳಲ್ಲಿ ಯಾವುದು ತಗೊಂಡ್ರೂ ಹೊಸಬ್ರಿಗೆ ಸಾಕು, ಸ್ಟೀಲಲ್ಲಿ ದೊಡ್ಡ ವ್ಯತ್ಯಾಸ ಹುಡುಕ್ತಾ ಕೂರಬೇಡಿ.

ಅಗಲ 5/8 ಅಂದ್ರೆ ಸುಮಾರು 16 ಮಿಲಿಮೀಟರ್. ಶುರುಗೆ ಇದೇ ಒಳ್ಳೇದು, 4/8 ಆದ್ರೆ ನೊರೆ ಬೇಗ ತುಂಬ್ಕೊಳತ್ತೆ, 7/8 ಆದ್ರೆ ಮೂಗಿನ ಕೆಳಗೆ ಆಡಿಸೋಕೆ ಕಷ್ಟ. ತುದಿ ಗುಂಡಗೆ ಇರೋದನ್ನೇ ತಗೊಳ್ಳಿ, ಚೂಪು ತುದಿ ನೋಡೋಕೆ ಚೆನ್ನಾಗಿರತ್ತೆ, ಕಿವಿ ಹಾಲೆ ಹತ್ರ ಹೋದಾಗ ಗೊತ್ತಾಗತ್ತೆ. ಇನ್ನು ಅಲಗು. ಇದು ಫುಲ್ ಹಾಲೋ, ಅಂದ್ರೆ ಎರಡೂ ಪಕ್ಕ ಒಳಕ್ಕೆ ಬಾಗೋ ಹಾಗೆ ಉಜ್ಜಿ ಅಲಗನ್ನ ತೀರಾ ತೆಳು ಮಾಡಿರ್ತಾರೆ. ಈ ತೆಳು ಅಲಗು ಗಡ್ಡದ ಮೇಲೆ ಹೋಗುವಾಗ ಸಣ್ಣಗೆ ಸದ್ದು ಮಾಡತ್ತೆ, ದವಡೆ ಹತ್ರ ಒರಟು ಕೂದಲು ಸಿಕ್ಕಾಗ ಸದ್ದು ಜೋರಾಗತ್ತೆ, ಕೋನ ಜಾಸ್ತಿ ಎತ್ತಿದ್ರೆ ಕೆರೆಯೋ ಸದ್ದು ಬೇರೆ ಬರತ್ತೆ. ಕನ್ನಡಿಲಿ ಕಾಣದ ತಪ್ಪನ್ನ ಕಿವಿ ಹಿಡಿದುಬಿಡತ್ತೆ. ಕಲಿಯೋರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ ಅಂತ ನನ್ನ ಅಭಿಪ್ರಾಯ, ದಪ್ಪ ಅಲಗಿನ ಕತ್ತಿ ಇಷ್ಟು ಮಾತಾಡಲ್ಲ.

ಹಿಡಿ ಪ್ಲಾಸ್ಟಿಕ್, ಹಗುರ, ಶೋಕಿ ಇಲ್ಲ. ನನಗೆ ಅದೇ ಸರಿ ಅನ್ಸತ್ತೆ, ಒದ್ದೆ ಆದ್ರೆ ಮರದ ಹಿಡಿ ತರ ಉಬ್ಬಲ್ಲ. ಪಿನ್ನು ಬಿಗಿ ಇದೆ, ಮಡಚಿದಾಗ ಅಲಗು ಹಿಡಿ ಮಧ್ಯಕ್ಕೇ ಕೂರತ್ತೆ.

ಯಾವ ಕಂಪನಿದಾದ್ರೂ ಸರಿ, ಮಾರೋರ ಹತ್ರ ಒಂದು ಮಾತು ಕೇಳ್ಲೇಬೇಕು: ಸಾಣೆ ಹಿಡಿದು ಶೇವ್‌ಗೆ ರೆಡಿ ಮಾಡಿ ಕಳಿಸ್ತೀರಾ? ಕಾರ್ಖಾನೆಯಿಂದ ಬಂದ ಅಂಚು ಮುಖಕ್ಕೆ ಇಡೋಷ್ಟು ಹರಿತ ಇರತ್ತೆ ಅಂತ ನಂಬೋಕಾಗಲ್ಲ, ಎಷ್ಟೋ ಅಂಗಡಿಯೋರು ಕಲ್ಲಿನ ಮೇಲೆ ಕೈಯಲ್ಲೇ ಮುಗಿಸಿ ಕಳಿಸ್ತಾರೆ, ಅಂಥೋರ ಹತ್ರ ಸಾವಿರ ಜಾಸ್ತಿ ಆದ್ರೂ ಕೊಟ್ಟು ತಗೊಳ್ಳಿ. ನಾನು ಹಂಗೇ ತಗೊಂಡಿದ್ದು, ಮೊದಲನೇ ದಿನವೇ ಕೆನ್ನೆ ಮೇಲೆ ಆರಾಮಾಗಿ ಓಡ್ತು. ಇನ್ನು ಆನ್‌ಲೈನಲ್ಲಿ ಎಂಟುನೂರಕ್ಕೋ ಸಾವಿರ ರೂಪಾಯಿಗೋ ಸಿಗೋವು ಇವೆಯಲ್ಲ, ಒಂದನ್ನ ತರಿಸಿ ಗಾಜಿನ ಮೇಲೆ ಮಲಗಿಸಿ ನೋಡಿದ್ದೆ, ಬೆನ್ನು (ಅಂಚಿನ ಎದುರು ಇರೋ ದಪ್ಪ ಬದಿ), ಅಂಚು ಎರಡೂ ಉದ್ದಕ್ಕೂ ಗಾಜಿಗೆ ತಾಗಬೇಕು, ಅದು ಎರಡೂ ಕಡೆಗೆ ಲೊಟಲೊಟ ಅಲ್ಲಾಡ್ತಿತ್ತು. ಅಲಗೇ ಸೊಟ್ಟ ಇದ್ರೆ ಯಾವ ಕಲ್ಲಿಂದಲೂ ಸರಿ ಮಾಡೋದು ಹೊಸಬ್ರ ಕೈಲಿ ಆಗಲ್ಲ. ಅದಕ್ಕಿಂತ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೇ ಕತ್ತಿ ಎಷ್ಟೋ ವಾಸಿ, ಬೆಂಗಳೂರಲ್ಲಿ ಚಿಕ್ಕಪೇಟೆ ಕಡೆ ಸಂಡೇ ಬಜಾರಲ್ಲಿ ಹಳೇ ಸಾಮಾನು ಹರಡಿಕೊಂಡಿರೋರ ಹತ್ರ ಅದೃಷ್ಟ ಇದ್ರೆ ಸಿಗತ್ತೆ, ಮೇಲೆ ತುಕ್ಕಿನ ಕಲೆ ಇದ್ರೆ ಪರವಾಗಿಲ್ಲ, ಅಂಚಲ್ಲಿ ತುಕ್ಕು ತಿಂದಿರೋ ಗುಳಿ, ಸಣ್ಣ ಬಿರುಕು ಇದ್ರೆ ಮಾತ್ರ ಬಿಟ್ಟು ಬನ್ನಿ.

ಚರ್ಮದ ಪಟ್ಟಿ ವಿಷ್ಯಕ್ಕೆ ಬರೋಣ, ನನ್ನ ಪ್ರಕಾರ ಇಲ್ಲೇ ಎಲ್ಲಾ ನಿಂತಿರೋದು. ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ಚರ್ಮ, ಕೊಕ್ಕೆಗೆ ಸಿಗಿಸಿ ಬಿಗಿಯಾಗಿ ಎಳೆದು ಹಿಡ್ಕೋಬೇಕು, ಸಡಿಲ ಬಿಟ್ರೆ ಪಟ್ಟಿ ಬಾಗಿ ಅಂಚನ್ನ ದುಂಡು ಮಾಡಿಬಿಡತ್ತೆ. ಪ್ರತೀ ಶೇವ್‌ಗೂ ಮುಂಚೆ ಬಟ್ಟೆ ಮೇಲೆ 30 ಸಲ, ಚರ್ಮದ ಮೇಲೆ 60 ಸಲ. ಬೆನ್ನು ಮುಂದೆ, ಅಂಚು ಹಿಂದೆ, ತುದಿಗೆ ಬಂದಾಗ ಕತ್ತಿಯನ್ನ ಬೆನ್ನಿನ ಮೇಲೆ ಉರುಳಿಸಿ ತಿರುಗಿಸ್ಬೇಕು, ಬೆನ್ನು ಚರ್ಮ ಬಿಟ್ಟು ಮೇಲೇಳ್ಲೇ ಬಾರದು. ಹೊಸದ್ರಲ್ಲಿ ತಿರುಗಿಸೋವಾಗ ಚರ್ಮಕ್ಕೆ ಗೀರು ಬೀಳೋದು ಮಾಮೂಲಿ, ಅದಕ್ಕೇ ಮೊದಲನೇ ಪಟ್ಟಿ ದುಬಾರಿದು ಬೇಡ, ಮೂರು ಇಂಚು ಅಗಲದ ಸಾಧಾರಣ ದನದ ಚರ್ಮದ್ದು ಸಾಕು, ಎರಡು ಇಂಚಿಂದಾದ್ರೆ ಅಲಗು ಪೂರ್ತಿ ಕೂರಲ್ಲ. ನಿಧಾನಕ್ಕೆ ಮಾಡಿ, ಸ್ಪೀಡ್ ತಾನಾಗೇ ಬರತ್ತೆ. ನಮ್ಮ ಬೀದಿ ಸೆಲೂನಿನ ಹಿರಿಯರಿಗೆ ಒಂದಿನ ಕತ್ತಿ ತೋರಿಸ್ದೆ, ಕೈಗೆ ತಗೊಂಡು ಬೆನ್ನು ಸವರಿ, "ಸಾರ್, ಇದು ನಮ್ಮಪ್ಪನ ಕಾಲದ್ದು ತರಾನೇ ಐತೆ, ಆದ್ರೆ ಒತ್ತಬೇಡಿ ಸಾರ್ ಪಟ್ಟಿ ಮೇಲೆ, ಕತ್ತಿ ತೂಕ ಎಷ್ಟೈತೋ ಅಷ್ಟೇ ಸಾಕು" ಅಂದ್ರು. ಆ ಒಂದು ಮಾತು ನನಗೆ ನೋಡಿದ್ದ ಎಲ್ಲಾ ವಿಡಿಯೋಗಿಂತ ಜಾಸ್ತಿ ಕಲಿಸ್ತು.

ಕಲ್ಲು ಮೊದಲ ದಿನವೇ ಬೇಡ. ಚೆನ್ನಾಗಿ ಮಸೀತಿದ್ರೆ ಅಂಚು ಕೆಲವು ತಿಂಗಳು ಬರತ್ತೆ. ಆಮೇಲೆ ಕತ್ತಿ ಕೂದಲನ್ನ ಎಳೆಯೋಕೆ ಶುರುವಾಗತ್ತೆ, ಆಗ ಅಂಚನ್ನ ಮೇಲ್ಮುಖ ಮಾಡಿ ಲೈಟ್ ಕೆಳಗೆ ಹಿಡಿದು ನೋಡಿ, ಹರಿತ ಇರೋ ಕಡೆ ಏನೂ ಕಾಣಲ್ಲ, ಮೊಂಡಾಗಿರೋ ಕಡೆ ಬಿಳಿ ಗೆರೆ ಮಿಣುಗತ್ತೆ. ಅಂಚು ಮುರಿದಿಲ್ಲ ಅಂದ್ರೆ 12,000 ಗ್ರಿಟ್‌ನ ಒಂದೇ ಕಲ್ಲಲ್ಲಿ ಕೆಲಸ ಆಗತ್ತೆ (ಗ್ರಿಟ್ ಅಂದ್ರೆ ಕಲ್ಲಿನ ನುಣುಪಿನ ಅಳತೆ, ನಂಬರ್ ಜಾಸ್ತಿ ಆದಷ್ಟೂ ಕಲ್ಲು ನುಣುಪು), ಜಪಾನಿನ ನಾನಿವಾ ಕಲ್ಲು ಎಲ್ಲರೂ ಹೇಳೋದು, ನನ್ನದೂ ಅದೇ. 1000ದಿಂದ ಶುರು ಮಾಡೋದು ಅಂಚು ಪೂರ್ತಿ ಹಾಳಾದಾಗ ಮಾತ್ರ. ಕಲ್ಲಿನ ಮೇಲೆ ಅಂಚು ಮುಂದೆ ಹೋಗ್ಬೇಕು, ಪಟ್ಟಿಗೆ ಉಲ್ಟಾ. ಬೆನ್ನು ಅಂಚು ಎರಡೂ ಕಲ್ಲಿಗೆ ತಾಗಿಸಿಟ್ರೆ ಕೋನ ತಾನಾಗೇ ಸರಿ ಇರತ್ತೆ, ಅಡುಗೆಮನೆ ಚಾಕು ತರ ಅಂದಾಜಲ್ಲಿ ಎತ್ತಿ ಹಿಡಿಯೋ ತಲೆನೋವಿಲ್ಲ. ಸೈಕಲ್ ಮೇಲೆ ಚಕ್ರ ಇಟ್ಕೊಂಡು ಬೀದಿಲಿ ಸಾಣೆ ಹಿಡಿಯೋಕೆ ಬರ್ತಾರಲ್ಲ, ಅವರಿಗೆ ಈಳಿಗೆಮಣೆ ಕೊಡಿ, ಮಚ್ಚು ಕೊಡಿ, ಇದನ್ನ ಮಾತ್ರ ಕೊಡಬೇಡಿ, ಚಕ್ರದ ಬಿಸಿಗೆ ಇಷ್ಟು ತೆಳು ಅಂಚಿನ ಹದವೇ ಹೋಗಿಬಿಡತ್ತೆ.

ನೊರೆ ಬಗ್ಗೆ ನಮ್ಮ ಊರುಗಳಿಗೆ ಬೇಕಾದ ಒಂದು ಮಾತು. ಬೋರ್‌ವೆಲ್ ನೀರು ಇರೋ ಮನೇಲಿ ಎಂಥಾ ಇಟಲಿ ಸೋಪು ತಂದ್ರೂ ನೊರೆ ನಿಲ್ಲಲ್ಲ, ಗಡಸು ನೀರಿಗೆ ಸೋಪು ಒಡೆದು ತೆಳ್ಳಗಾಗತ್ತೆ, ಕತ್ತಿ ಜಾರಲ್ಲ, ಜನ ಕತ್ತಿಗೆ ಬೈತಾರೆ. ಒಂದು ಲೋಟ ಕಾವೇರಿ ನೀರೋ ಫಿಲ್ಟರ್ ನೀರೋ ಬಿಸಿ ಮಾಡ್ಕೊಂಡು ಬ್ರಶ್ ಅದ್ದಿ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣತ್ತೆ. ನೊರೆ ಗಟ್ಟಿ ಮೊಸರಿನ ಹಾಗಿರ್ಬೇಕು, ದೊಡ್ಡ ಗುಳ್ಳೆ ಇರಬಾರದು. ಸೋಪು ಇಟಲಿಯ ಪ್ರೊರಾಸೋ ಬ್ರ್ಯಾಂಡೇ ಬೇಕು ಅಂತಿಲ್ಲ, ಬ್ರಶ್ಶಲ್ಲಿ ನೊರೆ ಎಬ್ಬಿಸೋ ಯಾವ ಕ್ರೀಮ್ ಆದ್ರೂ ನಡೆಯತ್ತೆ, ಕ್ಯಾನಿಂದ ಬರೋ ಫೋಮ್ ಮಾತ್ರ ಬೇಡ. ಬ್ರಶ್ ಸಿಂಥೆಟಿಕ್ ತಗೊಳ್ಳಿ, ಬೇಗ ಒಣಗತ್ತೆ, ಅಗ್ಗ.

ಶೇವ್ ಮಾಡೋದು ಬರೆದು ಹೇಳೋದಕ್ಕಿಂತ ಮಾಡಿ ಕಲಿಯೋದೇ ಸರಿ. ಆದ್ರೂ ಹೇಳ್ತೀನಿ, ಕೋನ ಸುಮಾರು 30 ಡಿಗ್ರಿ, ಖಾಲಿ ಕೈಲಿ ಚರ್ಮ ಬಿಗಿಯಾಗಿ ಎಳೆದಿರ್ಬೇಕು, ಮೊದಲ ವಾರ ಕೆನ್ನೆ ಮಾತ್ರ ಕತ್ತಿಲಿ ಮಾಡಿ ಉಳಿದದ್ದು ನಿಮ್ಮ ಮಾಮೂಲಿ ರೇಜರಲ್ಲಿ ಮುಗಿಸಿ, ಆಮೇಲೆ ಕತ್ತು, ಗಲ್ಲ ಎಲ್ಲಕ್ಕಿಂತ ಕೊನೆಗೆ. ಕೂದಲು ಬೆಳೆದ ದಿಕ್ಕಿಗೇ ಹೋಗಿ, ಎದುರು ದಿಕ್ಕು ಸದ್ಯಕ್ಕೆ ಬೇಡ. ಮುಗಿದ ಮೇಲೆ ಗ್ರಂಧಿಗೆ ಅಂಗಡೀಲಿ ಸಿಗೋ ಪಟಿಕದ ತುಂಡು ಒದ್ದೆ ಮಾಡಿ ಸವರಿದ್ರೆ ಎಲ್ಲೆಲ್ಲಿ ಜಾಸ್ತಿ ಒತ್ತಿದೀರೋ ಅಲ್ಲಲ್ಲಿ ಚುರ್ರ್ ಅನ್ನತ್ತೆ, ನಾಳೆ ಎಲ್ಲಿ ಹುಷಾರಾಗಿರ್ಬೇಕು ಅಂತ ಗೊತ್ತಾಗತ್ತೆ.

ಡೋವೋದಲ್ಲಿ ಕಷ್ಟ ಅಂದ್ರೆ ಕಾರ್ಬನ್ ಸ್ಟೀಲಿನ ತುಕ್ಕು. ಮಂಗಳೂರು ಉಡುಪಿ ಕಡೆಯೋರು, ಮಲೆನಾಡಿನೋರು ಮಳೆಗಾಲದಲ್ಲಿ ಇದನ್ನ ಬಚ್ಚಲುಮನೇಲಿ ಇಡಲೇಬೇಡಿ, ಒರೆಸಿ, ಗಾಳಿಗೆ ಸ್ವಲ್ಪ ಹೊತ್ತು ಬಿಚ್ಚಿಟ್ಟು, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸವರಿ ಬೇರೆ ರೂಮಲ್ಲಿಡಿ, ಶೇವ್‌ಗೆ ಮುಂಚೆ ಆ ಎಣ್ಣೆ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದ್ರೆ ಅಂಟಾಗತ್ತೆ. ಇಷ್ಟು ಮಾಡೋಕೆ ಆಗಲ್ಲ ಅನ್ನೋರು ಸ್ಟೇನ್‌ಲೆಸ್ ಮಾಡೆಲ್ ನೋಡಿ, ಸಾಣೆ ಹಿಡಿಯೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು ಅಷ್ಟೇ.

ಬೆಳಿಗ್ಗೆ ಐದು ನಿಮಿಷದಲ್ಲಿ ಶೇವ್ ಮುಗಿಸಿ ಬಸ್ ಹಿಡಿಯೋರಿಗೆ ಇದು ಆಗಿಬರಲ್ಲ, ಅವರು ಒಳ್ಳೆ ಡಬಲ್ ಎಡ್ಜ್ ರೇಜರ್ ತಗೊಳ್ಳಿ, ಭಾನುವಾರಕ್ಕೆ ಮಾತ್ರ ಕತ್ತಿ ಇಟ್ಕೊಂಡ್ರೂ ಸರಿಯೇ. ಉಳಿದೋರಿಗೆ ನನ್ನ ಸಲಹೆ, ಹದಿನೈದು ಸಾವಿರ ಇಟ್ಕೊಂಡಿದ್ರೆ ಅಷ್ಟನ್ನೂ ಕತ್ತಿಗೆ ಹಾಕ್ದೆ ಈ ಸಾದಾ ಡೋವೋ ತಗೊಂಡು ಮಿಕ್ಕಿದ್ರಲ್ಲಿ ಪಟ್ಟಿ, ಬ್ರಶ್, ಸೋಪು ತಗೊಳ್ಳಿ, ಕಲ್ಲಿಗೆ ನಿಧಾನಕ್ಕೆ ದುಡ್ಡು ಕೂಡಿಡಿ. ಹಾಂ, ಇನ್ನೊಂದು, ಫ್ಲೈಟಲ್ಲಿ ಹೋಗೋದಾದ್ರೆ ಚೆಕ್ ಇನ್ ಲಗೇಜಲ್ಲೇ ಹಾಕಿ, ಕ್ಯಾಬಿನ್ ಬ್ಯಾಗಲ್ಲಿ ಇದ್ರೆ ಸೆಕ್ಯೂರಿಟೀಲಿ ಬಿಡಲ್ಲ.