ಬಿಐಎಸ್ ಕೇರ್ ಆ್ಯಪ್: ಒಡವೆಯ ಜಾತಕ ಸಿಗುತ್ತದೆ, ಅಂಗಡಿಯದ್ದಲ್ಲ

ಚಿನ್ನದ ಒಡವೆ ಕೊಳ್ಳುವವರ ಫೋನಿನಲ್ಲಿ ಇರಲೇಬೇಕಾದ, ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಆ್ಯಪ್ ಇದು, ಪುಕ್ಕಟೆ. ‘ವೆರಿಫೈ ಎಚ್‌ಯುಐಡಿ’ ಒತ್ತಿ ಒಡವೆಯ ಮೇಲಿನ ಆರಕ್ಷರದ ಗುರುತಿನ ಸಂಖ್ಯೆ (ಅದೇ ಎಚ್‌ಯುಐಡಿ) ಹಾಕಿದರೆ ವ್ಯಾಪಾರಿಯ ನೋಂದಣಿ ಸಂಖ್ಯೆ, ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಹಾಕಿದ ಕೇಂದ್ರದ ಹೆಸರು, ಒಡವೆಯ ಬಗೆ, ಶುದ್ಧತೆ, ಮುದ್ರೆ ಬಿದ್ದ ದಿನಾಂಕ ಬರುತ್ತವೆ. ಲೇಸರ್ ಅಕ್ಷರ ತೀರಾ ಸಣ್ಣದು. 8 ಮತ್ತು ‘ಬಿ’, ಸೊನ್ನೆ ಮತ್ತು ‘ಓ’ ಅದಲುಬದಲಾಗುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಅಂಗಡಿಯಲ್ಲಿ ಇರಲೇಬೇಕು, ಕೇಳಿ ಪಡೆಯಿರಿ. ಕೈಯಲ್ಲಿರುವುದು ಸರ, ಆ್ಯಪ್ ಹೇಳುವುದು ಉಂಗುರ ಎಂದಾದರೆ ಯಾವುದೋ ಒಡವೆಯ ಸಂಖ್ಯೆಯನ್ನು ಕದ್ದು ಕೆತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಅಲ್ಲೇ ಬಿಟ್ಟು ಬನ್ನಿ.

ಆ್ಯಪ್ ಸೋಲುವುದು ಅಂಗಡಿಯ ವಿಷಯದಲ್ಲಿ. ಬಿಐಎಸ್ ನೋಂದಣಿ ವ್ಯಾಪಾರಿಯ ಹೆಸರಿಗಷ್ಟೇ ಅಲ್ಲ, ಒಂದು ನಿರ್ದಿಷ್ಟ ಮಳಿಗೆಗೆ ಸಿಗುವಂಥದ್ದು. ಒಬ್ಬರದೇ ಐದು ಶಾಖೆಗಳಿದ್ದರೆ ಐದಕ್ಕೂ ಬೇರೆ ಬೇರೆ ನೋಂದಣಿ. (1968ರ ಚಿನ್ನ ನಿಯಂತ್ರಣ ಕಾಯ್ದೆ ಇನ್ನೂ ಬಿಗಿಯಾಗಿತ್ತು: ಲೈಸೆನ್ಸಿನಲ್ಲಿ ಬರೆದ ಜಾಗ ಬಿಟ್ಟು ಬೇರೆಡೆ ವಹಿವಾಟೇ ಕೂಡದು. 1990ರಲ್ಲಿ ಅದು ರದ್ದಾಯಿತು.) ನೀವು ನಿಂತಿರುವ ಮಳಿಗೆಗೆ ನೋಂದಣಿ ಇದೆಯೇ ಎಂಬುದು ಎಚ್‌ಯುಐಡಿ ಹಾಕಿದರೆ ತಿಳಿಯದು. ಗೋಡೆಗೆ ತೂಗುಹಾಕಿದ ನೋಂದಣಿ ಪತ್ರದಲ್ಲಿರುವ ವಿಳಾಸವನ್ನು ಬಿಲ್ಲಿನ ವಿಳಾಸದ ಜತೆ ಹೋಲಿಸಿ. ‘ಪತ್ರ ಮೇನ್ ಬ್ರಾಂಚಲ್ಲಿದೆ’ ಎಂಬ ಉತ್ತರ ನಡೆಯದು.

ಹಾಗೆಂದು ಆ್ಯಪಿನಲ್ಲಿ ಬೇರೆಯವರ ನೋಂದಣಿ ಸಂಖ್ಯೆ ಕಂಡ ಕೂಡಲೇ ಮೋಸ ಎನ್ನಬೇಡಿ. ಬೆಂಗಳೂರಿನ ನಗರ್ತಪೇಟೆಯ ಸಗಟು ವ್ಯಾಪಾರಿ ಮುದ್ರೆ ಹಾಕಿಸಿದ್ದನ್ನು ನಿಮ್ಮೂರಿನ ನೋಂದಾಯಿತ ಅಂಗಡಿ ಮಾರಬಹುದು. ವರ್ಷದ ವಹಿವಾಟು 40 ಲಕ್ಷ ರೂಪಾಯಿಯೊಳಗಿರುವ ಸಣ್ಣ ಅಂಗಡಿಗೆ ಕಡ್ಡಾಯ ಹಾಲ್‌ಮಾರ್ಕಿನಿಂದ ವಿನಾಯಿತಿಯೂ ಇದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಮೂಗುತಿ, ಓಲೆಗೂ ಅಷ್ಟೇ.

ಬಿಲ್ಲಿನಲ್ಲಿ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆಯಾಗಿ ಬರೆಸಿ. ಶುಲ್ಕ ಒಂದು ಒಡವೆಗೆ 45 ರೂಪಾಯಿ, ಮೇಲೆ ಜಿಎಸ್‌ಟಿ. ಗ್ರಾಮಿನ ಲೆಕ್ಕದಲ್ಲಿ ಕೇಳಿದರೆ ಕೊಡಬೇಡಿ. ಅನುಮಾನ ಉಳಿದರೆ ಯಾವುದೇ ಮಾನ್ಯತೆ ಪಡೆದ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಬಹುದು, ನಾಲ್ಕು ಒಡವೆಯವರೆಗೆ 200 ರೂಪಾಯಿ. ಮುದ್ರೆಯಲ್ಲಿ ಹೇಳಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ ಕೊರತೆಯ ಮೊತ್ತದ ಎರಡರಷ್ಟನ್ನೂ ಪರೀಕ್ಷೆಯ ಖರ್ಚನ್ನೂ ಮಾರಿದವರೇ ಕೊಡಬೇಕು. ದೂರನ್ನು ಇದೇ ಆ್ಯಪಿನಲ್ಲಿ ಹಾಕಬಹುದು. ಬಿಲ್ ಇಲ್ಲದೆ ಕೊಂಡಿದ್ದರೆ ಮಾತ್ರ ಅದು ನಿಲ್ಲುವುದು ಕಷ್ಟ.